ಬೇಳೆ ಬೆಂದ ಊರು

ಆ ದಿನ ಬೆಳಗ್ಗೆ ಮಾಡಿದ ಕೆಲಸಗಳು: ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಅತ್ತೆಗೆ ಶುಂಠಿ ಕಷಾಯ ಕಾಯಿಸಿಕೊಟ್ಟೆ. ಮಗಳು ಸರೋಜಳಿಗೆ ಬಿಗಿಯಾಗಿ ಎರಡು ಜಡೆ ಹೆಣೆದು, ಬಟ್ಟೆಯ ಗಂಟಿನ ಸಮೇತ ಪಕ್ಕದ ಮನೆಯ ಅಲಮೇಲು ಬಳಿ ಬಿಟ್ಟುಬಂದೆ. ರಾಗಿ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿಪುಡಿಯ ಜೊತೆ ಬಾಳೆಲೆಯಲ್ಲಿ ಸುತ್ತಿದೆ. ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ಯಜಮಾನರ ಖಾಕಿ ಅಂಗಿಗೂ ಷರಾಯಿಗೂ ಗೆರೆ ತಂದೆ. ಅವರು ಬೂಟಿಗೆ ಪಾಲಿಷ್ ಹಾಕುತ್ತಾ ಕೂತಿದ್ದಾಗ ಕಣ್ಣು ತಪ್ಪಿಸಿ ಒಂದು ಬಿಳಿ ಪಂಚೆಯನ್ನು ಹಾಸಿಗೆ ಸುರುಳಿಯ ನಡುವೆ ಸೇರಿಸಿದೆ. ಒಲೆ ಆರಿಸಿದೆ. ಕೊನೆಗೆ ಹೊಸ ತೊಗರಿಬೇಳೆಯನ್ನು ಮೊರದಲ್ಲಿ ಕೇರಿ, ಹಿಡಿಹಿಡಿಯಾಗಿ ಬೇರೆಬೇರೆ ಬಟ್ಟೆ ಚೂರುಗಳಲ್ಲಿ ಗಂಟು ಹಾಕಿ ಕೈಚೀಲಕ್ಕೆ ಹಾಕಿಕೊಂಡೆ.

ಈ ಬೇಳೆಯ ವಿಷಯ ಹೇಳದೆ ಮುಂದೆ ಹೋದರೆ ನಮ್ಮ ಪ್ರಯಾಣದ ತಲೆಬುಡ ಯಾರಿಗೂ ತಿಳಿಯುವುದಿಲ್ಲ. ನಮ್ಮ ಯಜಮಾನರು ಪಟಾಲಮ್ಮಿನಲ್ಲಿ ಸೇತುವೆ, ರಸ್ತೆ ಕಟ್ಟುವ ದಳದ ಸುಬೇದಾರರು. ಮದುವೆಯಾದಾಗಿನಿಂದ ನಾನು ಅವರ ಹಿಂದೆ ಊರೂರು ಸುತ್ತಿದವಳು. ವರ್ಗವಾಯಿತೆಂದರೆ ಗಂಡಸರು ಹೊಸ ಊರಿನ ಸಾಹೇಬ ಯಾರು ಎಂದು ವಿಚಾರಿಸುತ್ತಿದ್ದರು. ಲೈನಿನ, ಅಂದರೆ ಸಿಪಾಯಿಗಳ ಮನೆಸಾಲಿನ ಹೆಂಗಸರು ನಾವು ಕೇಳುತ್ತಿದ್ದುದು ಒಂದೇ: ಅಲ್ಲಿಯ ನೀರಿನಲ್ಲಿ ಬೇಳೆ ಬೇಯುತ್ತದೆಯೇ? ಜಬಲ್ಪುರದಲ್ಲಿ ಬಾಯಿಗೆ ಸಿಹಿಯಾದ ನೀರೇ ಇತ್ತು. ಆದರೆ ಬೆಳಗ್ಗೆ ಒಲೆಗಿಟ್ಟ ಬೇಳೆ ಮಧ್ಯಾಹ್ನವಾದರೂ ಕಲ್ಲಿನ ಚೂರಿನಂತೆ ತಳದಲ್ಲಿ ಓಡಾಡುತ್ತಿತ್ತು. ಸೌದೆ ಮುಗಿಯಿತು, ಅತ್ತೆಯ ಹೊಟ್ಟೆ ಕೆಟ್ಟಿತು, ನನ್ನ ಅರ್ಧ ಆಯುಸ್ಸು ಆ ಒಲೆಯ ಮುಂದೆ ಕಳೆಯಿತು. ಅಂದಿನಿಂದ ಯಾವ ಊರಿಗೆ ಹೋದರೂ ಮೊದಲು ಒಂದು ಹಿಡಿ ಬೇಳೆ ಬೇಯಿಸಿ, ಎರಡು ಬೆರಳಿನ ನಡುವೆ ಹಿಸುಕಿ ನೋಡಿ, ಆಮೇಲೆ ಟ್ರಂಕು ಬಿಚ್ಚುವುದು ನನ್ನ ಪದ್ಧತಿ.

ಯುದ್ಧ ಮುಗಿದ ಮರುವರ್ಷದ ಮಾಗಿಯ ಕಾಲ ಅದು. ಇವರಿಗೆ ಪಿಂಚಣಿ ಆಗಿತ್ತು. ಯುಗಾದಿಯ ಒಳಗೆ ಹಲಸೂರಿನ ಕ್ವಾರ್ಟರ್ಸು ಖಾಲಿ ಮಾಡಬೇಕಿತ್ತು. ದಂಡಿನಲ್ಲಿ, ಅಂದರೆ ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ, ಬಾಡಿಗೆ ಮನೆ ಸಿಗುವ ಮಾತೇ ಇರಲಿಲ್ಲ. ಮಾಲೂರಿನ ಬಳಿಯ ನಮ್ಮ ಹಳ್ಳಿಯ ಮನೆ ಮಾವನವರ ಕಾಲಕ್ಕೇ ಬಿದ್ದುಹೋಗಿತ್ತು. ಅಷ್ಟರಲ್ಲಿ ಯಾರೋ ಕಂಟ್ರಾಕ್ಟರು ಅಸ್ಸಾಮಿನಲ್ಲಿ ಸೇತುವೆ ಕೆಲಸವಿದೆ, ಮನೆಯನ್ನೂ ಕೊಡುತ್ತೇನೆ, ಬನ್ನಿ ಎಂದು ಇವರನ್ನು ಕರೆದ. ಇವರ ಕಣ್ಣು ಮಿನುಗಿತು. ನನಗೆ ಮತ್ತೆ ಟ್ರಂಕು ಕಟ್ಟುವ ಮನಸ್ಸಿರಲಿಲ್ಲ. ಸರೋಜ ಆಗಲೇ ಐದು ಶಾಲೆ, ನಾಲ್ಕು ಭಾಷೆ ದಾಟಿದ್ದಳು. ಅತ್ತೆಯಂತೂ ಉತ್ತರದ ಊರುಗಳಲ್ಲಿ ವರ್ಷಗಟ್ಟಲೆ ಮಾತಿಗೆ ಜನವಿಲ್ಲದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವರು.

"ಅಸ್ಸಾಮಿಗೆ ನನ್ನ ಬೂದೀನ ಬೇಕಾದ್ರೆ ಕಳ್ಸೋ ನಾಣಿ. ನಾನಂತೂ ಬರಲ್ಲ" ಎಂದರು ಅತ್ತೆ ಮಗನಿಗೆ.

ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ಎರಡು ದಿನ ಮೂಡಣದ ಊರುಗಳನ್ನು ಸುತ್ತುವುದು. ಮೂವರಿಗೂ ಒಪ್ಪಿಗೆಯಾಗುವ ಊರು, ಮನೆ ಸಿಕ್ಕಿದರೆ ಅಲ್ಲಿ ನೆಲೆ ನಿಲ್ಲುವುದು. ಸಿಗದಿದ್ದರೆ ಅಸ್ಸಾಮಿಗೆ ಹೊರಡುವುದು, ಯಾರೂ ಗೊಣಗಬಾರದು. ಇವರು ಮಾತಿಗೆ ತಪ್ಪುವವರಲ್ಲ. ಆದ್ದರಿಂದಲೇ ನನಗೆ ಭಯ.

ಬಾಷಾ ಸಾಬಿಯ ಜಟಕಾ ಬಂದು ನಿಂತಾಗ ಇನ್ನೂ ಮಂಜು ಕರಗಿರಲಿಲ್ಲ. ಕೃಷ್ಣರಾಜಪುರದವರೆಗೆ ಒಂದೂವರೆ ರೂಪಾಯಿ ಎಂದು ಹಿಂದಿನ ದಿನವೇ ಮಾತಾಗಿತ್ತು. ಇವರು ಖಾಕಿ ತೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿದು, ಎದೆಗೆ ಪದಕದ ಪಟ್ಟಿ ಸಿಕ್ಕಿಸಿ, ಹೆಗಲಿಗೆ ನೀರಿನ ಬಾಟ್ಲಿ ಇಳಿಬಿಟ್ಟು ಹೊರಬಂದರು.

"ಮನೆ ಹುಡುಕೋಕೆ ಹೋಗ್ತಿದೀಯೋ, ಲಡಾಯಿಗೋ? ಒಂದು ಪಂಚೆ ಉಟ್ಕೊಂಡ್ ಬಾರೋ" ಎಂದರು ಅತ್ತೆ.

"ಖಾಕಿ ಕಂಡ್ರೆ ಜನ ಮರ್ಯಾದೆ ಕೊಡ್ತಾರಮ್ಮ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡ್ತಾರೆ, ನೋಡ್ತಿರಿ."

ಬಾಷಾ ಸಾಬಿ ಚಾವಟಿಯ ಹಿಡಿಯನ್ನು ಹಣೆಗೆ ತಾಗಿಸಿ ಸಲಾಮು ಹೊಡೆದ. "ಸುಬೇದಾರ್ ಸಾಬ್ ಗಾಡೀಲಿದ್ರೆ ನನ್ ಕುದುರೇನೂ ಅಟೆನ್ಷನ್ ಅಮ್ಮಾ" ಎಂದ. ಕುದುರೆ ಮಾತ್ರ ಹಲಸೂರಿನ ಪೇಟೆ ದಾಟುವವರೆಗೆ ಪ್ರತಿ ಸೊಪ್ಪಿನ ಬುಟ್ಟಿಯ ಮುಂದೂ ನಿಂತು ನಿಂತು ನಡೆಯಿತು.

ದಂಡಿನ ಎಲ್ಲೆ ದಾಟುವ ಚೌಕಿಯಲ್ಲಿ ಗಾಡಿ ತಡೆದರು. ದವಸ ಈಚೆಯಿಂದ ಆಚೆಗೆ ಸಾಗಿಸಬಾರದೆಂದು ಆಗ ಕಟ್ಟುನಿಟ್ಟು. ಕಾವಲಿನವನು ನನ್ನ ಚೀಲಕ್ಕೆ ಕೈಹಾಕಿ ಗಂಟುಗಳನ್ನು ತೆಗೆದ.

"ಇದೇನಮ್ಮಾ, ಹಿಡಿಯಷ್ಟು ಹಿಡಿಯಷ್ಟು ಕಟ್ಕೊಂಡಿದೀರ?"

"ಪರೀಕ್ಷೆಗಪ್ಪ."

"ಯಾರ ಪರೀಕ್ಷೆ?"

"ಊರಿನ ಪರೀಕ್ಷೆ" ಎಂದರು ಅತ್ತೆ ಒಳಗಿನಿಂದ. "ಪಾಸಾದೋರಿಗೆ ನಮ್ಮನ್ನ ಇನಾಮು ಕೊಡ್ತೀವಿ."

ಅವನು ನಕ್ಕು ಬಿಟ್ಟುಬಿಟ್ಟ. ಮುಂದೆ ಹಳೇ ಮದ್ರಾಸು ರಸ್ತೆ. ಬಿನ್ನಮಂಗಲದ ತೋಟಗಳಲ್ಲಿ ಹೆಂಗಸರು ಮಂಜಿನಲ್ಲೇ ಕೂತು ಸೊಪ್ಪು ಕಿತ್ತು ಕಟ್ಟು ಕಟ್ಟುತ್ತಿದ್ದರು. ಬೈಯಪ್ಪನಹಳ್ಳಿ ದಾಟಿದ ಮೇಲೆ ಎರಡೂ ಕಡೆ ರಾಗಿ ಕೊಯ್ದ ಹೊಲ, ಅಲ್ಲಲ್ಲಿ ಮೆದೆ. ರಸ್ತೆಯ ಪಕ್ಕದಲ್ಲಿ ಒಂದು ಕಡೆ ಯುದ್ಧಕಾಲದ ಕ್ಯಾಂಪಿನ ತಗಡಿನ ಷೆಡ್ಡುಗಳು ಖಾಲಿ ನಿಂತಿದ್ದವು. ಒಳಗೆ ಮೇಕೆಗಳು ಮಲಗಿದ್ದವು. ಅತ್ತೆ ಅದನ್ನು ಬಹಳ ಹೊತ್ತು ತಿರುಗಿ ನೋಡಿದರು. ಯಾಕೆಂದು ಆಗ ನಾನು ಕೇಳಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಕೃಷ್ಣರಾಜಪುರ ಮುಟ್ಟಿದೆವು. ಅರಳಿಕಟ್ಟೆ, ಒಂದು ಸಾಲು ಅಂಗಡಿ, ಹೆಂಚಿನ ಮನೆಗಳು, ದೂರದಲ್ಲಿ ಕೆರೆಯ ಏರಿ. ಗಾಡಿಯಿಂದ ಇಳಿದ ಕೂಡಲೇ ನನ್ನ ಮನಸ್ಸು ಯಾಕೋ ಹಗುರವಾಯಿತು. ಬೀದಿ ಚೊಕ್ಕಟವಾಗಿತ್ತು. ಯಾರದೋ ಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು.

ಇವರು ಮಾತ್ರ ಕೆಲಸಕ್ಕೆ ತೊಡಗಿಬಿಟ್ಟಿದ್ದರು. ಜೇಬಿನಿಂದ ಸೀಸದ ಗುಂಡು ಕಟ್ಟಿದ ದಾರ ತೆಗೆದು ಬೀದಿಯ ಬಾವಿಗೆ ಇಳಿಬಿಟ್ಟರು. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹೆಜ್ಜೆ ಹಾಕಿ ಅಳೆದರು. ಬೆತ್ತದಿಂದ ಗೋಡೆ ಕುಟ್ಟಿ ನೋಡಿದರು. ಆಮೇಲೆ ದಿನಸಿ ಅಂಗಡಿಯ ಮುಂದೆ ನೆಟ್ಟಗೆ ನಿಂತು ಅಂಗಡಿಯವನನ್ನು ಕೇಳತೊಡಗಿದರು. ಅವನ ಹೆಸರು ಚಿಕ್ಕಣ್ಣನೆಂದು ಆಮೇಲೆ ತಿಳಿಯಿತು.

"ಊರಲ್ಲಿ ಖಾಲಿ ಮನೆ ಎಷ್ಟಿವೆ?"

ಚಿಕ್ಕಣ್ಣ ಎದ್ದು ನಿಂತು ಹೆಗಲ ಮೇಲಿನ ವಲ್ಲಿಯನ್ನು ಕಂಕುಳಿಗೆ ಇಳಿಸಿದ. "ಖಾಲಿ ಮನೆನಾ? ಒಂದೂ ಇಲ್ಲ ಸ್ವಾಮಿ. ಇರೋವು ಬಿದ್ದೋಗೋ ಹಂಗವೆ."

"ಬೇಸಿಗೇಲಿ ಬಾವಿ ಬತ್ತುತ್ತಾ?"

"ಸಂಕ್ರಾಂತಿಗೇ ಬತ್ತೋಗ್ತದೆ."

"ಡಾಕ್ಟರು?"

"ಇದ್ರು. ಚಳಿಜ್ವರ ಬಂದು ಅವ್ರೇ ಊರು ಬಿಟ್ರು."

"ಶಾಲೆ?"

"ಮುಚ್ಚಿ ವರ್ಷಗಳಾದ್ವು ಸ್ವಾಮಿ."

ಅವನು ಹಾಗೆನ್ನುತ್ತಿದ್ದಂತೆಯೇ ಹಿಂದಿನ ಬೀದಿಯಲ್ಲಿ ಢಣ್ ಢಣ್ ಎಂದು ಗಂಟೆ ಹೊಡೆಯಿತು.

"ಅದೇನು?"

"ಅದಾ? ದೇವಸ್ಥಾನದ್ದು" ಎಂದ ಚಿಕ್ಕಣ್ಣ ಕಣ್ಣು ಮಿಟುಕಿಸದೆ. "ನಿಮ್ಗೆ ಅನುಕೂಲ ಬೇಕಂದ್ರೆ ಹೊಸಕೋಟೆಗೆ ಹೋಗಿ ಸ್ವಾಮಿ. ಅಲ್ಲಿ ಬಾವಿಯೇನು, ಬಯಲೇನು! ಎಷ್ಟ್ ಬೇಕಾದ್ರೂ ಜಾಗ."

ನಾನೂ ಅತ್ತೆಯೂ ಬಾವಿಕಟ್ಟೆಯ ಬಳಿ ನಿಂತಿದ್ದೆವು. ನನ್ನ ವಯಸ್ಸಿನ, ಮೈಕೈ ತುಂಬಿದ ಒಬ್ಬ ಹೆಂಗಸು ನೀರು ಸೇದುತ್ತಿದ್ದಳು. ಪಕ್ಕದವಳು ಆಕೆಯನ್ನು ಮುನಿಯಮ್ಮಕ್ಕ ಎಂದು ಕರೆದಳು. ಅವಳ ಮನೆಯ ಗೋಡೆಗೆ ಅಂಟಿಕೊಂಡೇ ಬೀಗ ಹಾಕಿದ ಇನ್ನೊಂದು ಬಾಗಿಲಿತ್ತು. ಹಿತ್ತಿಲಲ್ಲಿ ನುಗ್ಗೆಮರ ಕಾಣುತ್ತಿತ್ತು.

"ಆ ಮನೆ ಯಾರದಮ್ಮ?" ಎಂದೆ.

"ನಮ್ದೇ. ಮಾಡು ಕುಸಿದೈತೆ. ಹಾವು ಸೇರ್ಕೊಂಡವೆ."

"ನೀರು ಹೇಗೆ? ಬೇಳೆ ಬೇಯುತ್ತಾ?"

ಅವಳು ಇವರ ಖಾಕಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. "ಎಲ್ಲಿ ಬೇಯ್ತದೆ? ಗಡಸು ನೀರು. ಒಂದು ಹೊರೆ ಸೌದೆ ಹಾಕಿದ್ರೂ ಬೇಳೆ ಬೇಳೆಯಂಗೇ ಇರ್ತದೆ. ಕುಡಿದ್ರೆ ಹೊಟ್ಟೆ ಉಬ್ಬರ."

ನಾನು ಹಗ್ಗಕ್ಕೆ ಕೈ ಚಾಚಿದೆ. ಅವಳು ಹಗ್ಗ ಕೊಡಲಿಲ್ಲ. ತಾನೇ ಸೇದಿ ಮೇಲಿನಿಂದ ಸುರಿದಳು. ಅಷ್ಟರಲ್ಲಿ ಇವರೂ ಅಲ್ಲಿಗೆ ಬಂದರು. ನಾನು ಇವರ ಹೆಗಲಿನಿಂದ ಬಾಟ್ಲಿ ಬಿಡಿಸಿಕೊಂಡು, ಮನೆಯಿಂದ ತಂದ ನೀರು ಚೆಲ್ಲಿ, ಅದನ್ನು ತುಂಬಿಕೊಂಡೆ. ಯಾರು ಏನೇ ಹೇಳಲಿ, ಬೇಯಿಸಿ ನೋಡದೆ ನಾನು ಯಾವ ನೀರನ್ನೂ ಬಿಟ್ಟವಳಲ್ಲ. ಇವರು, "ಈ ಊರು ಆಗಲ್ಲ ಲಕ್ಷ್ಮಿ" ಎಂದರು. ದನಿಯಲ್ಲಿ ಬೇಸರವಿತ್ತೋ, ಅಸ್ಸಾಮಿನ ಆಸೆಯಿತ್ತೋ, ನನಗೆ ತಿಳಿಯಲಿಲ್ಲ.

ಬಾಷಾ ಸಾಬಿಯನ್ನು ಕಳಿಸಿ ಹೊಸಕೋಟೆಯ ಬಸ್ಸಿಗೆ ಕಾದೆವು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು, ಅದರ ಹೊಗೆಯಿಂದ ಇಂಜಿನ್ನು ಓಡಬೇಕು. ತಲೆಗೆ ನಾಲ್ಕಾಣೆ. ಏರು ಬಂದಾಗ ಗಂಡಸರು ಇಳಿದು ನಡೆಯಬೇಕು, ಇಳಿಜಾರಿನಲ್ಲಿ ಓಡಿಬಂದು ಹತ್ತಬೇಕು. ಅರ್ಧ ದಾರಿಯಲ್ಲಿ ಇಂಜಿನ್ನು ಕಾದು ಬುಸುಗುಟ್ಟಿ ನಿಂತೇಬಿಟ್ಟಿತು.

"ಯಾರತ್ರಾದ್ರೂ ನೀರಿದ್ರೆ ಕೊಡ್ರಪ್ಪಾ" ಎಂದು ಡ್ರೈವರು ಕೂಗಿದ. ಎಲ್ಲರ ಕಣ್ಣು ನನ್ನ ಮಡಿಲಿನ ಬಾಟ್ಲಿಯ ಮೇಲೆ.

"ಕೊಡಮ್ಮಾ."

"ಇದು ಕೊಡೋ ನೀರಲ್ಲಪ್ಪ."

"ಗಂಗಾಜಲವೇನಮ್ಮಾ?"

"ಅದಕ್ಕಿಂತ ಹೆಚ್ಚು" ಎಂದು ಅದನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಇವರು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದರು. "ಇವಳು ನನಗೇ ಒಂದು ಗುಟುಕು ಕೊಟ್ಟಿಲ್ಲ ಕಣಯ್ಯ" ಎಂದಷ್ಟೇ ಹೇಳಿದರು. ಡ್ರೈವರು ಗೊಣಗುತ್ತಾ ರಸ್ತೆ ಪಕ್ಕದ ಕುಂಟೆಯಿಂದ ಡಬ್ಬದಲ್ಲಿ ನೀರು ತಂದ. ನಾವು ಅಷ್ಟರಲ್ಲಿ ಹುಣಸೆಮರದ ನೆರಳಿನಲ್ಲಿ ರೊಟ್ಟಿ ತಿಂದು ಮುಗಿಸಿದೆವು.

ಹೊಸಕೋಟೆಯಲ್ಲೂ ಅದೇ ಕಥೆ. ಇವರು ದಾರ ಇಳಿಬಿಟ್ಟರು, ಹೆಜ್ಜೆ ಹಾಕಿದರು, ಗೋಡೆ ಕುಟ್ಟಿದರು. ಒಬ್ಬ ಹಿರಿಯರು ನಮ್ಮನ್ನು ಜಗಲಿಯ ಮೇಲೆ ಕೂರಿಸಿ, ಇಂಗು ಹಾಕಿದ ಮಜ್ಜಿಗೆ ಕೊಟ್ಟು, ಬಹಳ ವಿನಯದಿಂದ ತಮ್ಮೂರನ್ನು ಬೈದರು. ಮನೆಗಳೆಲ್ಲ ಗೆದ್ದಲು, ಕೆರೆಯೆಲ್ಲ ಹೂಳು, ರಾತ್ರಿಯೆಲ್ಲ ನರಿ. "ಕೃಷ್ಣರಾಜಪುರ ನೋಡಿದ್ರಾ? ಪುಣ್ಯಭೂಮಿ ಸ್ವಾಮಿ ಅದು" ಎಂದು ಕೈಮುಗಿದರು.

ಸಂಜೆ ಛತ್ರದಲ್ಲಿ ಜಾಗ ಸಿಕ್ಕಿತು. ಅತ್ತೆ ಕಂಬಕ್ಕೆ ಒರಗಿ ಕಾಲು ನೀಡಿ ಕೂತು ಏದುಸಿರು ಬಿಡುತ್ತಿದ್ದರು. ಚಳಿಗೆ ಅವರಿಗೆ ಉಬ್ಬಸ. ನಾಳೆ ಒಂದು ದಿನ ಉಳಿದಿತ್ತು, ಹೋಗಲು ಊರು ಉಳಿದಿರಲಿಲ್ಲ. ನಾನು ಹಿತ್ತಿಲಲ್ಲಿ ಕಲ್ಲು ಜೋಡಿಸಿ ಒಲೆ ಹೂಡಿ, ಎರಡು ಪುಟ್ಟ ಪಾತ್ರೆ ಪಕ್ಕಪಕ್ಕದಲ್ಲಿ ಇಟ್ಟೆ. ಒಂದರಲ್ಲಿ ಛತ್ರದ ಬಾವಿಯ ನೀರು, ಇನ್ನೊಂದರಲ್ಲಿ ಬಾಟ್ಲಿಯ ನೀರು. ಎರಡಕ್ಕೂ ಒಂದೇ ಬೇಳೆ. ಎಣ್ಣೆ ಹಾಕಲಿಲ್ಲ, ಅರಿಸಿನ ಹಾಕಲಿಲ್ಲ. ಪರೀಕ್ಷೆಯಲ್ಲಿ ಅದೆಲ್ಲ ಮೋಸ.

ಛತ್ರದ ನೀರು ನೊರೆ ಕಟ್ಟಿ ಕುದಿಯಿತು. ಬೇಳೆ ಹೊರಳಾಡಿತು, ಒಡೆಯಲಿಲ್ಲ. ಆ ಊರಿನ ಬೇರೆ ಬಾವಿಗಳ ವಿಷಯ ನಾನು ಹೇಳಲಾರೆ, ಈ ಬಾವಿಯದು ಜಬಲ್ಪುರದ ಜಾತಿ. ಆಮೇಲೆ ಇನ್ನೊಂದು ಪಾತ್ರೆಗೆ ಸೌಟು ಹಾಕಿದೆ. ಸೌಟಿಗೆ ಏನೂ ತಾಗಲಿಲ್ಲ. ಬೇಳೆ ಎಲ್ಲಿ ಹೋಯಿತೆಂದು ಬಗ್ಗಿ ನೋಡಿದರೆ, ಅದು ಅರಳಿ, ಕರಗಿ, ಹಳದಿ ಬೆಣ್ಣೆಯಂತಾಗಿ ಕೂತಿತ್ತು. ಬೆರಳಿಗೆ ತೆಗೆದುಕೊಂಡು ಹಿಸುಕಲು ಹೋದೆ. ಹಿಸುಕಲು ಅಲ್ಲಿ ಏನೂ ಇರಲಿಲ್ಲ.

"ರೀ! ಅತ್ತೆ! ಬನ್ನಿ ಇಲ್ಲಿ!"

ಇಬ್ಬರೂ ಬಂದರು. ನಾನು ಸೌಟು ಎತ್ತಿ ತೋರಿಸಿದೆ. "ಬೇಳೆ ಬೇಯಲ್ಲ ಅಂದಳಲ್ಲ ಆ ಮುನಿಯಮ್ಮ, ನೋಡಿ ಇದನ್ನ! ಅವಳು ಸುಳ್ಳು ಹೇಳಿದ್ದಾಳೆ."

ಇವರು ಪಾತ್ರೆಯನ್ನೇ ನೋಡುತ್ತಾ ಹೇಳಿದರು, "ನನಗೂ ಅನುಮಾನವಿತ್ತು. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿದ ಗುರುತು ಬೆರಳು ಇಳಿಯುವಷ್ಟು ಆಳವಾಗಿದೆ. ಕೆಟ್ಟ ನೀರಾದರೆ ಜನ ಅಷ್ಟು ಸೇದುತ್ತಾರೆಯೇ? ಆದರೆ ಯಾಕೆ ಸುಳ್ಳು ಹೇಳಬೇಕು?"

"ತಮ್ಮೂರನ್ನ ತಾವೇ ಇಷ್ಟು ಬೈಯೋ ಜನಾನ ನಾನು ಈ ವಯಸ್ಸಿಗೆ ಕಂಡಿಲ್ಲ" ಎಂದರು ಅತ್ತೆ ನಿಧಾನವಾಗಿ. "ಅವರು ಪಕ್ಕದೂರು ಚೆನ್ನ ಅಂತಾರೆ, ಪಕ್ಕದೂರಿನೋರು ಅವರದ್ದು ಚೆನ್ನ ಅಂತಾರೆ. ನಾಣಿ, ಬೆಳಗ್ಗೆ ದಾರೀಲಿ ತಗಡಿನ ಷೆಡ್ಡು ನೋಡಿದ್ಯಲ್ಲ, ಅದ್ಯಾರದು?"

"ಯುದ್ಧದ ಕ್ಯಾಂಪು."

"ಅದಕ್ಕೆ ಮುಂಚೆ ಅಲ್ಲೇನಿತ್ತು?"

"ಯಾರದೋ ಹೊಲ ಇದ್ದಿರಬೇಕು."

"ಕ್ಯಾಂಪ್ ಹಾಕೋಕೆ ಮೊದ್ಲು ಯಾರನ್ನ ಕಳಿಸ್ತಿದ್ರು?"

"ನಮ್ಮ ದಳದೋರನ್ನೇ."

"ಬಂದು ಏನ್ ಮಾಡ್ತಿದ್ರು ಅವರು?"

"ಬಾವಿ ಅಳೆಯೋದು. ರಸ್ತೆ ಅಗಲ ನೋಡೋದು. ಖಾಲಿ ಮನೆ ಎಷ್ಟು ಅಂತ..." ಇವರ ಮಾತು ಅಲ್ಲೇ ನಿಂತಿತು. ತಮ್ಮ ಖಾಕಿ ತೋಳನ್ನು ನೋಡಿಕೊಂಡರು. ಬೆಲ್ಟು ನೋಡಿಕೊಂಡರು. ಮುಖ ಹುಣಸೆಹಣ್ಣು ತಿಂದವರ ಹಾಗಾಯಿತು.

ನನಗೆ ನಗು ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ಕುಸಿದು ಕೂತು ನಕ್ಕೆ. ಅತ್ತೆ ಉಬ್ಬಸ ಮರೆತು ನಕ್ಕರು. "ಶಾಲೆ ಗಂಟೆ ಹೊಡೀತಿದ್ರೆ ದೇವಸ್ಥಾನ ಅಂತ ನಂಬಿ ಬಂದ್ಯಲ್ಲೋ! ಆ ದೇವರು ಮಗ್ಗಿ ಹೇಳ್ತಿದ್ದ, ನನಗೆ ಕೇಳಿಸ್ತು!"

"ಮತ್ತೆ ಆಗಲೇ ಹೇಳಬೇಕಿತ್ತಮ್ಮ."

"ನೀನು ಡ್ರಿಲ್ಲಲ್ಲಿದ್ದೆ. ಮಧ್ಯೆ ಮಾತಾಡಬಾರದಲ್ಲ!"

ಬೆಳಗ್ಗೆ ನಾನು ಹಾಸಿಗೆ ಸುರುಳಿ ಬಿಚ್ಚಿ ಪಂಚೆ ತೆಗೆದಿಟ್ಟೆ. ಇವರು ಅದನ್ನೂ ನನ್ನನ್ನೂ ನೋಡಿ, ಏನೂ ಕೇಳದೆ ಉಟ್ಟುಕೊಂಡರು. ಷರಾಯಿಯ ಅಭ್ಯಾಸದವರಿಗೆ ಪಂಚೆ ನಿಲ್ಲುವುದಿಲ್ಲ. ಎರಡು ಸಲ ಜಾರಿದ ಮೇಲೆ ಅದರ ಮೇಲೆಯೇ ಬೆಲ್ಟು ಬಿಗಿದರು. ಬೇರೆ ಚಪ್ಪಲಿ ಇರಲಿಲ್ಲವಾದ್ದರಿಂದ ಕಾಲಿಗೆ ಬೂಟು. ಮೇಲೆ ನನ್ನ ಶಾಲು. ಬಸ್ಸಿನ ಡ್ರೈವರು ಅವನೇ. ನನ್ನನ್ನು ಕಂಡು, "ಇವತ್ತು ನೀರು ನಾನೇ ತಂದಿದೀನಿ ತಾಯಿ" ಎಂದು ಡಬ್ಬ ತೋರಿಸಿದ. ಬೆಂದ ಬೇಳೆಯನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಮಡಿಲಿನಲ್ಲಿ ಇಟ್ಟುಕೊಂಡಿದ್ದೆ.

ಕೃಷ್ಣರಾಜಪುರದ ಬಾವಿಕಟ್ಟೆಯಲ್ಲಿ ಮುನಿಯಮ್ಮನೂ ಇನ್ನಿಬ್ಬರು ಹೆಂಗಸರೂ ಇದ್ದರು. ನಮ್ಮನ್ನು ನೋಡಿ ಮಾತು ನಿಲ್ಲಿಸಿದರು. ನಾನು ಸೀದಾ ಹೋಗಿ ಕಟ್ಟೆಯ ಮೇಲೆ ಎಲೆ ಬಿಚ್ಚಿದೆ.

"ಮುನಿಯಮ್ಮಕ್ಕ, ನಿನ್ನೆ ನೀವು ಕೊಟ್ಟ ನೀರು. ಇದು ನಮ್ಮ ಮನೆ ಬೇಳೆ. ನೋಡಿ, ಇದು ಬೇಯದ ಬೇಳೆನಾ?"

ಮುನಿಯಮ್ಮ ಎಲೆಯ ಕಡೆ ನೋಡಿದಳು. ಪಕ್ಕದವಳು ಬೆರಳಲ್ಲಿ ಮುಟ್ಟಿ, ಬಾಯಿಗೆ ಸೆರಗು ಒತ್ತಿಕೊಂಡಳು. "ಅಕ್ಕೋ, ಸಿಕ್ಕಾಕ್ಕೊಂಡೆ ಕಣೆ" ಎಂದಳು. ಮುನಿಯಮ್ಮನ ಗಲ್ಲ ಅದುರಿತು, ತುಟಿ ಬಿಗಿಹಿಡಿದಳು, ಕೊನೆಗೆ ಅವಳಿಗೂ ನಗು ಬಂದೇಬಿಟ್ಟಿತು.

ಆದರೆ ಚಿಕ್ಕಣ್ಣ ಅಂಗಡಿಯಿಂದ ಇಳಿದು ಬಂದ. ಅವನ ಹಿಂದೆ ನಾಲ್ಕೈದು ಜನ. ಅವನು ನಗಲಿಲ್ಲ.

"ಪಂಚೆ ಉಟ್ಟಾಕ್ಷಣ ಮಿಲಿಟರಿ ಅಲ್ಲ ಅಂತಾನಾ ಸ್ವಾಮಿ? ಕಾಲಲ್ಲಿ ಬೂಟೈತೆ. ನಮ್ ಭಾವನ ರಾಗಿ ಹೊಲಾನ ಹಿಂಗೇ ಅಳೆದ್ರು. ಆರು ತಿಂಗ್ಳಿಗೆ ಅಂದ್ರು. ಯುದ್ಧ ಮುಗೀತು, ಹೊಲ ಇನ್ನೂ ಬಂದಿಲ್ಲ. ನಮ್ಮೂರಿನ ಬಾವಿಗೆ ನೀವ್ಯಾಕೆ ದಾರ ಬಿಟ್ರಿ, ಅದನ್ನ ಹೇಳಿ ಮೊದ್ಲು."

ಇವರು ಕೈಯನ್ನು ಹಿಂದಕ್ಕೆ ಕಟ್ಟಿ ನೆಟ್ಟಗೆ ನಿಂತಿದ್ದವರು, ಕೈ ಬಿಟ್ಟರು.

"ನನಗೆ ಪಿಂಚಣಿ ಆಯ್ತಪ್ಪ. ನನ್ನ ಹಿಂದೆ ಯಾವ ಕ್ಯಾಂಪೂ ಬರಲ್ಲ. ಬಾವಿಗೆ ದಾರ ಬಿಟ್ಟಿದ್ದು, ಇವಳು ಎಷ್ಟು ಹಗ್ಗ ಸೇದಬೇಕಾಗುತ್ತೆ ಅಂತ ನೋಡೋಕೆ. ಹೋದ ಸಲದ ಊರಲ್ಲಿ ಬಾವಿ ಆಳ ಇತ್ತು, ಸೇದಿ ಸೇದಿ ಇವಳ ಭುಜ ಬಿದ್ದುಹೋಯ್ತು."

ಚಿಕ್ಕಣ್ಣ ನನ್ನ ಕಡೆ ನೋಡಿದ. ನಾನು ಇವರ ಕಡೆ ನೋಡಿದೆ. ನನ್ನ ಎಡಭುಜದ ನೋವಿನ ವಿಷಯ ನಾನು ಇವರಿಗೆ ಹೇಳಿದವಳೇ ಅಲ್ಲ.

"ಗೋಡೆ ಕುಟ್ಟಿದ್ದು?"

"ತೇವ ಇದ್ದರೆ ಅಮ್ಮನಿಗೆ ಉಬ್ಬಸ ಹೆಚ್ಚುತ್ತೆ."

"ರಸ್ತೆ ಅಳೆದಿದ್ದು?"

"ಅಮ್ಮನಿಗೆ ರಾತ್ರಿ ಹೊತ್ತು ಜೋರಾದರೆ ಆಸ್ಪತ್ರೆಗೆ ಗಾಡಿ ತಿರುಗಬೇಕಲ್ಲ."

ಚಿಕ್ಕಣ್ಣ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಮತ್ತೆ ಇದನ್ನ ನಿನ್ನೆನೇ ಬಾಯಿಬಿಟ್ಟು ಹೇಳಬಾರದಾಗಿತ್ತಾ ಮಾರಾಯ್ರೆ?"

"ಅವನು ನಮಗೇ ಹೇಳಿಲ್ಲ ಕಣಪ್ಪ" ಎಂದರು ಅತ್ತೆ. "ಇನ್ನು ನಿನಗೆಲ್ಲಿ ಹೇಳ್ತಾನೆ!"

ಆಗ ನಕ್ಕ ನಗು ಅರಳಿಮರದ ಹಕ್ಕಿಗಳನ್ನು ಎಬ್ಬಿಸಿರಬೇಕು. ಅತ್ತೆ ಇನ್ನು ಯಾರಿಗೂ ಕಾಯಲಿಲ್ಲ. ಬಾವಿಕಟ್ಟೆಯ ಮೇಲೆ ಆರಾಮಾಗಿ ಕೂತು ಮುನಿಯಮ್ಮನನ್ನು ಪಕ್ಕಕ್ಕೆ ಎಳೆದುಕೊಂಡರು. "ತೌರು ಯಾವುದವ್ವ ನಿಂದು?" ಎಂದು ಆರಂಭಿಸಿದರು. ಮುನಿಯಮ್ಮನ ದೊಡ್ಡಕ್ಕನನ್ನು ಮಾಲೂರಿನ ಬಳಿ, ನಮ್ಮ ಹಳ್ಳಿಯ ಪಕ್ಕದ ಹಳ್ಳಿಗೇ ಕೊಟ್ಟಿತ್ತು. ಅಲ್ಲಿಂದ ಮಾತು ಯಾರ ಮದುವೆಗೆ ಹೋಯಿತು, ಯಾರ ಬಾಣಂತನಕ್ಕೆ ಬಂತು, ಯಾವ ಹಸು ಎಷ್ಟು ಹಾಲು ಕರೆಯಿತು ಎಂಬಲ್ಲಿಗೆ ಮುಟ್ಟಿತು. ವರ್ಷಗಟ್ಟಲೆ ಕಟ್ಟಿಟ್ಟ ಮಾತುಗಳೆಲ್ಲ ಒಂದೇ ಬೆಳಗ್ಗೆ ಹೊರಬಂದವು. ಉಬ್ಬಸ ಎಲ್ಲಿ ಹೋಯಿತೋ!

ಬೀಗ ಹಾಕಿದ ಬಾಗಿಲನ್ನು ಮುನಿಯಮ್ಮ ತಾನೇ ತೆಗೆದಳು. ಮಾಡು ಕುಸಿದಿರಲಿಲ್ಲ, ಒಂದು ಹೆಂಚೂ ಒಡೆದಿರಲಿಲ್ಲ. "ಹಾವೆಲ್ಲಿ?" ಎಂದೆ. "ನಿನ್ನೆ ಸಂಜೆ ಹೊಸಕೋಟೆಗೆ ಹೋದ್ವು" ಎಂದಳು ಅವಳು. ಒಂದು ಪಡಸಾಲೆ, ಒಂದು ಕೋಣೆ, ಬೆಳಕು ಬೀಳುವ ಅಡಿಗೆಮನೆ. ಒಲೆ ಗೋಡೆಗೆ ಅಂಟಿಕೊಂಡ ಜೋಡಿ ಒಲೆ. ನಾನು ಅದರ ಮುಂದೆ ಕೂತು, ಕೈ ಚಾಚಿ, ಉಪ್ಪಿನ ಮರಿಗೆ ಎಲ್ಲಿ, ಸಾಂಬಾರಪುಡಿ ಡಬ್ಬ ಎಲ್ಲಿ ಎಂದು ಗಾಳಿಯಲ್ಲೇ ಜೋಡಿಸಿದೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಗೋಡೆ ಕುಟ್ಟಿ ನೋಡಲ್ವಾ?" ಎಂದೆ.

"ನೋಡಿದೆ. ಒಣಗಿದೆ" ಎಂದರು. ಆಮೇಲೆ, "ಅಸ್ಸಾಮಿನವನಿಗೆ ಇವತ್ತೇ ಇಲ್ಲ ಅಂತ ಹೇಳಿಕಳಿಸ್ತೀನಿ" ಎಂದರು.

ಬಾಡಿಗೆಯ ಮಾತು ಚಿಕ್ಕಣ್ಣನ ಅಂಗಡಿಯ ಮುಂದೆ ಎಲೆ ಅಡಿಕೆಯೊಂದಿಗೆ ಮುಗಿಯಿತು. ಶಾಲೆಗೂ ಹೋಗಿಬಂದೆವು. ಮಾಸ್ತರು ಸರೋಜ ಯಾವ ಭಾಷೆಯಲ್ಲಿ ಓದಿದ್ದಾಳೆ ಎಂದು ಕೇಳಿದಾಗ, "ಎಲ್ಲದರಲ್ಲೂ" ಎಂದೆ. ಡಾಕ್ಟರೂ ಊರಲ್ಲೇ ಇದ್ದರು, ಗುಂಡುಗುಂಡಾಗಿ, ಚಳಿಜ್ವರದ ಸುಳಿವೂ ಇಲ್ಲದೆ. ಹೊರಡುವ ಮುನ್ನ ಬಾಟ್ಲಿ ತುಂಬಿಸಿಕೊಳ್ಳಲು ಬಾವಿಗೆ ಹೋದೆ. ಮುನಿಯಮ್ಮ ಬಿಂದಿಗೆ ಇಳಿಸಿ, ಹಗ್ಗವನ್ನು ನನ್ನ ಕೈಗೆ ಕೊಟ್ಟಳು. "ನಿಮ್ ಬಾವಿ ಕಣಮ್ಮ ಇನ್ಮೇಲೆ. ಸೇದ್ಕೊಳ್ಳಿ." ನಾಲ್ಕು ಎಳೆತಕ್ಕೆ ನೀರು ಮೇಲೆ ಬಂತು. ಭುಜ ನೋಯಲಿಲ್ಲ.

ಮಧ್ಯಾಹ್ನದ ರೈಲಿಗೆ ದಂಡಿನ ಸ್ಟೇಷನ್ನಿಗೆ ಮರಳಿದೆವು. ಕೃಷ್ಣರಾಜಪುರದ ಸ್ಟೇಷನ್ನು ಬಿಟ್ಟಮೇಲೆ ಕಿಟಕಿಯಿಂದ ಹಿಂದೆ ನೋಡಿದೆ. ಕೆರೆಯ ಏರಿಯ ಮೇಲೆ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಇಷ್ಟು ವರ್ಷ ರೈಲಿನಿಂದ ಹಿಂದೆ ನೋಡಿದಾಗಲೆಲ್ಲ ನಾವು ಬಿಟ್ಟುಹೋಗುತ್ತಿದ್ದ ಊರು ಕಾಣುತ್ತಿತ್ತು. ಅಂದು ಕಂಡದ್ದು ನಾವು ಹೋಗಿ ಸೇರಬೇಕಾದ ಊರು.

ಸರೋಜ ಅಲಮೇಲು ಮನೆಯ ಮೆಟ್ಟಿಲ ಮೇಲೆ ಕಾದು ಕೂತಿದ್ದಳು. "ಅಸ್ಸಾಮಾ?" ಎಂದು ಒಂದೇ ಮಾತು ಕೇಳಿದಳು. ಅಜ್ಜಿ ಇಲ್ಲವೆಂದು ತಲೆಯಾಡಿಸಿ, "ಕೃಷ್ಣರಾಜಪುರ" ಎಂದರು. ಹುಡುಗಿ ಬೆಲ್ಟು ಬಿಗಿದ ಪಂಚೆಯಲ್ಲಿದ್ದ ಅಪ್ಪನನ್ನು ಕಂಡು ಮೊದಲು ನಕ್ಕಳು. ಆಮೇಲೆ ಹೋಗಿ ಅವರ ಸೊಂಟ ಅಪ್ಪಿಕೊಂಡಳು. ಅಲಮೇಲು, "ಹೋಗೇಬಿಡ್ತೀರಾ ಅಕ್ಕಾ?" ಎಂದು ಕಣ್ಣೊರೆಸಿಕೊಂಡು, ಒಳಗೆ ಹೋಗಿ ಅಪ್ಪಳ ಸುಟ್ಟು ತಂದುಕೊಟ್ಟಳು.

ಆ ರಾತ್ರಿ ಬಾಟ್ಲಿಯ ನೀರಿನಲ್ಲಿ ಉಳಿದ ಬೇಳೆಯನ್ನೆಲ್ಲ ಬೇಯಿಸಿ, ಮೆಣಸು ಜೀರಿಗೆ ಕುಟ್ಟಿಹಾಕಿ ಸಾರು ಮಾಡಿದೆ. ಮುದ್ದೆ, ಸಾರು, ಮುನಿಯಮ್ಮ ಸೆರಗಿಗೆ ಸುರಿದ ಅವರೆಕಾಯಿಯ ಪಲ್ಯ, ಅಲಮೇಲು ಕೊಟ್ಟ ಅಪ್ಪಳ. ಸಾರು ತಳ ಕಾಣುವವರೆಗೂ ಯಾರೂ ಏಳಲಿಲ್ಲ. ಊಟವಾದ ಮೇಲೆ ಅತ್ತೆ ಮುನಿಯಮ್ಮನ ದೊಡ್ಡಕ್ಕನ ಮದುವೆಯ ಕಥೆಯನ್ನು ಸರೋಜಳಿಗೆ ಮೊದಲಿನಿಂದ ಹೇಳತೊಡಗಿದರು. ಮೊದಲು ನಿದ್ದೆ ಹೋದವರು ನಮ್ಮ ಯಜಮಾನರು. ಲೈನಿನಲ್ಲಿ ದೀಪ ಆರಿಸುವ ಕಹಳೆ ಊದದೆ ಕಣ್ಣು ಮುಚ್ಚಿದವರೇ ಅಲ್ಲ ಅವರು. ಅಂದು ಊಟದ ಮೇಲೆ ವಾಡಿಕೆಯಂತೆ ಮತ್ತೆ ಬೂಟು ತೊಟ್ಟು ಗೋಡೆಗೆ ಒರಗಿದ್ದವರು ಹಾಗೆಯೇ ಚಾಪೆಗೆ ಜಾರಿದರು. ಸ್ವಲ್ಪ ಹೊತ್ತಿಗೆ ಕಹಳೆ ಊದಿತು. ಅವರು ಏಳಲಿಲ್ಲ, ಮಗ್ಗುಲೂ ಬದಲಿಸಲಿಲ್ಲ. ನಾನು ಬೂಟಿನ ದಾರ ಬಿಚ್ಚಿ, ಬೂಟುಗಳನ್ನು ಬಾಗಿಲ ಹೊರಗಿಟ್ಟು, ದೀಪ ಆರಿಸಿದೆ.